ಮೂರು ತೂತಿನ ಎಲೆ

ನಾನು ರೇಷ್ಮೆಯ ಮೇಲೆ ಮೂಡಿದ ಒಂದು ಸುರುಳಿಚಿತ್ರ. ಹುಟ್ಟಿದ್ದು ಜಪಾನಿನ ಕ್ಯೋಟೊದಲ್ಲಿ, ಇನ್ನೂರು ವರ್ಷಗಳ ಹಿಂದೆ. ರಾನ್‌ಸೆಕಿ ಎಂಬ ಚಿತ್ರಕಾರ ಹಸಿರು ಕಲ್ಲನ್ನು ಅರೆದು, ಅಂಟಿನಲ್ಲಿ ಕಲಸಿ, ನನ್ನ ಮೈಮೇಲೆ ಸೋರೆಬಳ್ಳಿ ಹಬ್ಬಿಸಿದ. ಬಿಳಿ ಹೂ ಅರಳಿತು. ಎಲೆಯ ಮೇಲೊಂದು ಮಿಡತೆ ಬಂದು ಕೂತಿತು. ಬಣ್ಣ ಆಳವಾಗಿ ಕಾಣಲೆಂದು ಆತ ರೇಷ್ಮೆಯ ಬೆನ್ನಿಗೂ ಹಸಿರು ಹಚ್ಚಿದ. ಆಮೇಲೆ ಅದರ ಮೇಲೆ ಕಾಗದ ಅಂಟಿಸಿದರು.

ವರ್ಷಕ್ಕೆ ಹದಿನೈದು ದಿನ, ಶರತ್ಕಾಲದಲ್ಲಿ ಮಾತ್ರ, ನನ್ನನ್ನು ಬಿಚ್ಚಿ ತೂಗುಹಾಕುತ್ತಾರೆ. ಉಳಿದದ್ದೆಲ್ಲ ಪೆಟ್ಟಿಗೆಯ ಕತ್ತಲು. ಹಿಮ ಹೇಗಿರುತ್ತದೋ ನನಗೆ ಗೊತ್ತಿಲ್ಲ ನೋಡಿ. ನೋಡಲು ಬಂದವರು ರೂಢಿಯಂತೆ ಮೊದಲು ಮಂಡಿಯೂರಿ ತಲೆಬಾಗುತ್ತಾರೆ, ಆಮೇಲೆ ಕಣ್ಣೆತ್ತುತ್ತಾರೆ. ಹಾಗಾಗಿ ನನ್ನನ್ನು ಇಟ್ಟುಕೊಂಡಿದ್ದ ಸನ್ಯಾಸಿಯ, ಆಮೇಲೆ ಮೂರು ತಲೆಮಾರಿನ ಟೀ ವ್ಯಾಪಾರಿಗಳ ಮುಖಕ್ಕಿಂತ ನೆತ್ತಿಯೇ ನನಗೆ ಹೆಚ್ಚು ಪರಿಚಯ.

ಸುತ್ತಿ ಸುತ್ತಿ ನನ್ನ ಮೈ ಬಿರುಕು ಬಿಟ್ಟಿತು. ಈಗಿನ ಒಡತಿ ಮಿತ್ಸುಎ ನನ್ನನ್ನು ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಸೋಕಿಚಿಯ ಅಂಗಡಿಗೆ ತಂದರು. ನಲವತ್ತು ವರ್ಷದ ಹಿಂದೆ ನನ್ನ ದೊಡ್ಡ ಎಲೆಯಲ್ಲಿ ಬಣ್ಣ ಉದುರಿದ್ದ ಕಡೆ ಹಸಿರು ತುಂಬಿ ಹೆಸರು ಗಳಿಸಿದವನು ಅವನೇ. ಈಗ ಅವನಿಗೆ ವಯಸ್ಸಾಗಿದೆ. ಕೆಲಸವೆಲ್ಲ ಮಗಳು ಶಿನೊಳದು.

ಶಿನೊ ನನ್ನನ್ನು ಬೋರಲು ಮಲಗಿಸಿ, ನೀರಿನಲ್ಲಿ ನೆನೆಸಿ, ಹಳೆಯ ಕಾಗದವನ್ನು ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿದಳು. ಆರು ದಿನ ಹಿಡಿಯಿತು. ಏಳನೆಯ ದಿನ ರಾನ್‌ಸೆಕಿಯ ಹಸಿರು ಬೆಳಕು ಕಂಡಿತು. ದೊಡ್ಡ ಎಲೆಯಲ್ಲಿ ಮೂರು ಕಡೆ ಆತ ಬೇಕೆಂದೇ ಬಣ್ಣ ಹಚ್ಚಿರಲಿಲ್ಲ. ಸುತ್ತಲೂ ಕೂದಲೆಳೆಯಂಥ ಗೆರೆ ಎಳೆದಿದ್ದ. ಬಣ್ಣ ಉದುರಿದ ಜಾಗವಲ್ಲ ಅದು, ಮಿಡತೆ ತಿಂದ ತೂತುಗಳು. ಅಪ್ಪ ಅವನ್ನು ಮುಂಭಾಗದಿಂದ ಹಸಿರು ತುಂಬಿ ಮುಚ್ಚಿಬಿಟ್ಟಿದ್ದ.

ಹೊಸ ಕಾಗದ ಅಂಟಿಸಿಬಿಟ್ಟರೆ ಇನ್ನು ನೂರು ವರ್ಷ ಯಾರಿಗೂ ತಿಳಿಯದು. ಅಪ್ಪನ ಹೆಸರೂ ಉಳಿಯುತ್ತದೆ. ಅಂಟಿನ ಕುಂಚ ಹಿಡಿದು ಅವಳು ಬಹಳ ಹೊತ್ತು ಕೂತಳು. ಕೊನೆಗೆ ಅದನ್ನು ಕೆಳಗಿಟ್ಟು ಅಪ್ಪನನ್ನು ಕರೆದಳು.

ಸೋಕಿಚಿ ಬಗ್ಗಿ ನೋಡಿದ.

"ನಾನು ತುಂಬಿದ ಹಸಿರನ್ನ ತೆಗೆದುಬಿಡು," ಎಂದ.

"ಒಡತಿಗೆ ಏನಂತ ಹೇಳೋದಪ್ಪಾ?"

"ನಲವತ್ತು ವರ್ಷ ಆ ಮಿಡತೇನ ಉಪವಾಸ ಕೆಡವಿದ್ದೆ ಅಂತ. ನಾನೇ ಹೇಳ್ತೀನಿ ಬಿಡು."

ಕಾಗದ ಅಂಟಿಸಿ ಒಣಗಿದ ಮೇಲೆ ಶಿನೊ ನನ್ನನ್ನು ಮಗುಚಿ, ಒದ್ದೆ ಕುಂಚದ ತುದಿಯಿಂದ ಅಪ್ಪನ ಹಸಿರನ್ನು ಮಾತ್ರ ಎತ್ತಿದಳು. ರಾನ್‌ಸೆಕಿಯದು ಒಂದು ಚೂರೂ ಅಲುಗಲಿಲ್ಲ.

ಶರತ್ಕಾಲದಲ್ಲಿ ನನ್ನನ್ನು ತೂಗುಹಾಕಿದಾಗ ಸೋಕಿಚಿ ತನ್ನ ತಪ್ಪನ್ನು ಒಡತಿಯ ಮುಂದೆ ತಾನೇ ಹೇಳಿಕೊಂಡ. ಮಿತ್ಸುಎ ನನ್ನ ಹತ್ತಿರ ಸರಿದು, ಮಿಡತೆಗೆ ಕೇಳಿಸಬಾರದೆಂಬಂತೆ, "ತಿಂತಾ ಇದೆ," ಎಂದರು.

ಇಷ್ಟು ಕಾಲ ನಾನೊಂದು ಹೂವಿನ ಚಿತ್ರ ಅಂದುಕೊಂಡಿದ್ದೆ. ರಾನ್‌ಸೆಕಿ ಬರೆದದ್ದು ಒಂದು ಊಟವನ್ನು. ಇನ್ನೂರು ವರ್ಷವಾದರೂ ಅದು ಮುಗಿದಿಲ್ಲ.