ಕೆಮ್ಮಿ ಬರುವ ಲೊಪೇತಿ

ಲೊಪೇತಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಿದ್ದ. ಮೂಲೆ ತಿರುಗುವ ಮುನ್ನ, ಬಾಗಿಲು ದಾಟುವ ಮುನ್ನ, ಏಣಿ ಇಳಿಯುವ ಮುನ್ನ ಗಟ್ಟಿಯಾಗಿ ಒಮ್ಮೆ ಕೆಮ್ಮುತ್ತಿದ್ದ; ಅದು ರೋಗದ ಕೆಮ್ಮಲ್ಲ, ಆಗಮನದ ಘೋಷಣೆ. ಟೋಂಗಾದಲ್ಲಿ ಅಕ್ಕತಂಗಿಯರಿರುವ ಗಂಡಸರೆಲ್ಲ ಅಷ್ಟಿಷ್ಟು ಹೀಗೆ ಸದ್ದು ಮಾಡಿಕೊಂಡೇ ಬರುವವರು. ಪ್ರಾಯಕ್ಕೆ ಬಂದ ಸೋದರ ಸೋದರಿಯರು ಒಂದು ಸೂರಿನಡಿ ಮಲಗುವುದಿಲ್ಲ, ಒಬ್ಬರೆದುರು ಒಬ್ಬರು ಹಗುರ ಮಾತಾಡುವುದಿಲ್ಲ, ಮೂರನೆಯವರು ಆಡಿದ ಪೋಲಿ ಮಾತನ್ನು ಜೊತೆಯಲ್ಲಿ ಕೂತು ಕೇಳುವುದೂ ಇಲ್ಲ. ಸೋದರಿ ವಯಸ್ಸಿನಲ್ಲಿ ಕಿರಿಯಳಾದರೂ ಮರ್ಯಾದೆಯಲ್ಲಿ ಹಿರಿಯಳು. ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಮಾವ ಯಾರ ಹೆಣ್ಣುಮಕ್ಕಳಾದರೂ ಸೋದರಿಯರೇ ಆದ್ದರಿಂದ, ನಮ್ಮಂಥ ಪುಟ್ಟ ನಾಡಿನಲ್ಲಿ ಕೆಮ್ಮಬೇಕಾದ ಮೂಲೆಗಳಿಗೆ ಕೊನೆಯಿಲ್ಲ. ನಾನು ಅವನ ಸೋದರಮಾವ. ಅವನ ತಾಯಿ ಇದ್ದಾಗ ನಾನೂ ಅವಳ ಬಾಗಿಲಲ್ಲಿ ಕೆಮ್ಮಿದವನೇ. ಆದರೆ ನೌಕಾನೆಲೆಯ ಅಡುಗೆಮನೆಯಲ್ಲಿ ಇಷ್ಟು ವರ್ಷ ಸೌಟು ಹಿಡಿದು ನಾನು ಕಂಡವರಲ್ಲಿ, ಈ ಹಳೆಯ ಶಿಸ್ತನ್ನು ಲೊಪೇತಿಯಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ.

ಆಳು ದೈತ್ಯ. ನೆಲದ ಮೇಲೂ ಹಡಗಿನ ಮೇಲಿರುವವನಂತೆ ಕಾಲು ಅಗಲಿಸಿ, ಬರಲಿರುವ ಅಲೆಯನ್ನು ಕಾಯುತ್ತಿರುವವನಂತೆ ಮೆಲ್ಲಗೆ ಹೆಜ್ಜೆಯಿಡುತ್ತಿದ್ದ. ಸಮವಸ್ತ್ರ ಕಳಚಿದ ಕೂಡಲೇ ಸೊಂಟಕ್ಕೊಂದು ಚಾಪೆ ಸುತ್ತಿಕೊಳ್ಳುವನು. ನಮ್ಮಲ್ಲಿ ಮರ್ಯಾದಸ್ಥರೆಲ್ಲ ಉಟ್ಟ ಬಟ್ಟೆಯ ಮೇಲೆ ಸುತ್ತಿಕೊಳ್ಳುವುದೇ, ಆದರೆ ಅವನದು ಅಜ್ಜಿಯ ಕಾಲದ್ದು, ಅಂಚು ಕಿತ್ತುಹೋಗಿ ಎಳೆಎಳೆಯಾಗಿದ್ದದ್ದು. ಹೊಸದು ಕೊಳ್ಳೋ ಎಂದರೆ "ಆಗಬಹುದು" ಎನ್ನುವನು. ಆ "ಆಗಬಹುದು" ಅವನ ಬಾಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ. ಅದರಲ್ಲಿ ಒಪ್ಪಿಗೆ ಎಷ್ಟು, ನಿರಾಕರಣೆ ಎಷ್ಟು ಎಂಬುದು ಒಡನಾಡಿದವರಿಗಷ್ಟೇ ತಿಳಿಯುತ್ತಿತ್ತು.

ಒಡನಾಡದವರು ಪಾಪ, ಪರದೇಶದ ತರಬೇತಿದಾರರು. ನೆರೆಯ ದೊಡ್ಡ ದೇಶವೊಂದು ನಮಗೆ ಗಸ್ತಿನ ಹಡಗು ಕೊಡುವುದು, ಅದನ್ನು ನಡೆಸಲು ಕಲಿಸುವ ಜನರನ್ನೂ ಜೊತೆಗೆ ಕೊಡುವುದು ಹಿಂದಿನಿಂದ ನಡೆದುಬಂದದ್ದು. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಎಂದು ನಾವು ಸುಮ್ಮನಿದ್ದರೂ, ದಾನಿಗಳು ಮಾತ್ರ ನಮ್ಮ ಹಲ್ಲು ಎಣಿಸದೆ ಬಿಡುತ್ತಿರಲಿಲ್ಲ. ಆ ಸಲ ಬಂದ ವಾರಿಕ್ ಕೆಂಪು ಮುಖದ, ದೊಡ್ಡ ದನಿಯ, ನಿಜಕ್ಕೂ ಒಳ್ಳೆಯ ಮನುಷ್ಯ. ಲೊಪೇತಿಯ ಕೆಮ್ಮನ್ನು ಒಂದು ವಾರ ಕೇಳಿ ಗಾಬರಿಯಾಗಿ, ಇವನಿಗೆ ಕ್ಷಯವೇ ಇರಬೇಕೆಂದು ಎದೆಯ ಎಕ್ಸ್‌ರೇ ತೆಗೆಸಲು ಕಳಿಸಿದ. ಆಸ್ಪತ್ರೆಯ ಡಾಕ್ಟರು ನಮ್ಮವರೇ. ಚಿತ್ರ ನೋಡಿ ನಕ್ಕರು, ಆಮೇಲೆ ತಾವೇ ಒಮ್ಮೆ ಕೆಮ್ಮಿ ದಾದಿಯರ ಕೋಣೆಯೊಳಗೆ ಹೋದರಂತೆ.

"ನಿನ್ನ ಶ್ವಾಸಕೋಶ ಶಂಖದ ಹಾಗಿದೆಯಂತೆ. ಮತ್ಯಾಕಯ್ಯಾ ಕೆಮ್ತೀಯ?" ಎಂದು ವಾರಿಕ್ ಕೇಳಿದ.

"ಆಗಬಹುದು ಸಾರ್" ಎಂದ ಲೊಪೇತಿ.

ಹೊಸ ಹಡಗು ಬರುತ್ತದೆಂಬ ಸುದ್ದಿ ಬಂದದ್ದು ಆಗಲೇ. ಹಳೆಯದನ್ನು ತುಕ್ಕು ಕೆರೆದು, ಬಣ್ಣ ಬಳಿದು, ಬೈದು, ಮುದ್ದಿಸಿ ಇಷ್ಟು ಕಾಲ ತೇಲಿಸಿದವನು ಲೊಪೇತಿಯೇ. ಹೊಸದರಲ್ಲಿ ಅವನೇ ಡೆಕ್ಕಿನ ಮುಖ್ಯಸ್ಥ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅದಕ್ಕಾಗಿ ಆ ದೊಡ್ಡ ದೇಶದ ಬಂದರಿಗೆ ಹೋಗಿ, ಒಂದು ಚಳಿಗಾಲವಿಡೀ ಅವರ ಸಪ್ಪೆ ಊಟ ತಿಂದು, ಯಂತ್ರದ ರಾಟೆಯನ್ನೂ ರಬ್ಬರ್ ದೋಣಿಯನ್ನೂ ಆಡಿಸಲು ಕಲಿತು ಬಂದ. ಬಂದವನು ನನ್ನ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸ ತಿನ್ನುತ್ತ, ಆ ಹಡಗಿನ ಮೂತಿ ಎಷ್ಟು ಚೂಪು, ಅಲೆಯನ್ನು ಹೇಗೆ ಸೀಳುತ್ತದೆ ಎಂದು ಕೈಯಾಡಿಸಿ ತೋರಿಸುತ್ತಿದ್ದ. ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅದೇ ವರ್ಷ ವಾರಿಕ್ ನಡೆಸಿದ ಇಂಜಿನ್ ತರಗತಿಯಲ್ಲಿ ಎಲ್ಲರಿಗಿಂತ ಮೇಲೆ ಬಂದವಳು ಕಲೊಲೈನೆ, ಲೊಪೇತಿಯ ಒಡಹುಟ್ಟಿದ ತಂಗಿ. ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವವಳು. ವಾರಿಕ್ ಹಿಗ್ಗಿದ. ಅಣ್ಣ ಮೇಲೆ ಡೆಕ್ಕಿನಲ್ಲಿ, ತಂಗಿ ಕೆಳಗೆ ಇಂಜಿನ್ನಿನಲ್ಲಿ, ಒಂದೇ ಕುಟುಂಬದ ಎರಡು ರತ್ನ ಎಂದು, ಊಟದ ಮನೆಯಲ್ಲಿ ತೂಗುಹಾಕಿದ್ದ ಹೊಸ ಹಡಗಿನ ಸಿಬ್ಬಂದಿಯ ಫಲಕದ ಮೇಲೆ ಇಬ್ಬರ ಹೆಸರನ್ನೂ ಒಂದರ ಕೆಳಗೊಂದು ಬರೆಸಿದ. ಅದನ್ನು ನೋಡಿ ಊಟದ ಮನೆ ಗಪ್‌ಚಿಪ್ಪಾಯಿತು. ವಾರಗಟ್ಟಲೆ ಕಡಲಲ್ಲಿರುವ ಹಡಗು. ಉಣ್ಣಲು ಒಂದೇ ಕೋಣೆ, ಓಡಾಡಲು ಒಂದೇ ಓಣಿ.

ಕಲೊಲೈನೆ ಹಿತ್ತಲ ಬಾಗಿಲಿಂದ ನನ್ನಲ್ಲಿಗೆ ಬಂದಳು. ಇಂಥ ಮಾತನ್ನು ಅವಳು ಅಣ್ಣನೊಡನೆ ನೇರವಾಗಿ ಆಡುವಂತಿಲ್ಲ.

"ಮಾವ, ಅಣ್ಣನಿಗೆ ಹೇಳಿ, ನಾನು ದಡದ ವರ್ಕ್‌ಶಾಪಿನಲ್ಲೇ ಇರ್ತೀನಿ. ಅವರು ಎಷ್ಟು ವರ್ಷದಿಂದ ಕಾದಿದ್ದಾರೆ ನಂಗೊತ್ತು."

"ನಿಂಗೆ ಆಸೆ ಇಲ್ವೇನೇ?"

"ಇದೆ" ಎಂದವಳು ಸೆರಗಿಲ್ಲದ ಸಮವಸ್ತ್ರದ ತೋಳಿನಲ್ಲಿ ಮೂಗೊರೆಸಿಕೊಂಡಳು.

ನಾನು ಹೋಗಿ ಹೇಳಿದೆ. ಹಗ್ಗ ಹೊಸೆಯುತ್ತಿದ್ದವನು ತಲೆಯೆತ್ತಲಿಲ್ಲ. "ತಂಗಿಯನ್ನ ಇಳಿಸಿ ಅಣ್ಣ ಹತ್ತಿದ ಹಡಗು ಯಾವ ದೇವರಿಗೆ ಬೇಕು ಮಾವ? ಅಮ್ಮ ಹೋದ ಮೇಲೆ ಮನೆಗೆ ದೊಡ್ಡವರು ಅವರು."

ಲೊಪೇತಿ ಹೊಸ ಹಡಗು ಹತ್ತುವುದಿಲ್ಲವಂತೆ ಎಂದು ಕೇಳಿ ವಾರಿಕ್ ತಪ್ಪು ತಿಳಿದ. ತಂಗಿಯ ಏಳಿಗೆ ಕಂಡು ಅಣ್ಣನಿಗೆ ಹೊಟ್ಟೆಕಿಚ್ಚು ಎಂದುಕೊಂಡು, ನನ್ನ ಎದುರಿಗೇ ಅವನನ್ನು ಕರೆಸಿ ಕೇಳಿದ: "ಹೆಣ್ಣುಮಕ್ಕಳು ಹಡಗಿನಲ್ಲಿ ಕೆಲಸ ಮಾಡೋದು ನಿಂಗೆ ಇಷ್ಟ ಇಲ್ವಾ?"

"ಅವರು ಮಾಡಲಿ ಅಂತಾನೇ ನಾನು ಇಳೀತೀನಿ ಸಾರ್."

"ಅದ್ಯಾಕೆ? ನಡುವೆ ಒಂದು ಪರದೆ ಹಾಕಿಸೋಣ."

"ಪರದೆ ಕಣ್ಣಿಗೆ ಹಾಕಬಹುದು. ಕಿವಿಗೆ ಹೇಗೆ ಹಾಕ್ತೀರಿ? ಹುಡುಗರು ಏನಾದ್ರೂ ತಮಾಷೆ ಮಾಡ್ತಾರೆ. ನಾನೂ ತಂಗಿಯೂ ಒಟ್ಟಿಗಿದ್ದರೆ ಒಬ್ಬನೂ ಬಾಯಿ ಬಿಡೋ ಹಾಗಿಲ್ಲ. ನಗದೇ ಇರೋ ಹಡಗು ಎಷ್ಟು ದೂರ ಹೋಗುತ್ತೆ ಸಾರ್?"

"ಇನ್ನೊಂದು ಸಲ ಯೋಚನೆ ಮಾಡು."

"ಆಗೋದಿಲ್ಲ" ಎಂದ ಲೊಪೇತಿ. ಆ ಪದ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ವಾರಿಕ್ ಟೋಪಿ ತಲೆಗಿಟ್ಟು, ತಾನೇ ಎದ್ದುಹೋಗಿ ಫಲಕದ ಮೇಲಿನ ಒಂದು ಹೆಸರು ಅಳಿಸಿದ.

ಇದರಿಂದ ಲೊಪೇತಿ ಸಂತನಾದನೆಂದು ಯಾರೂ ತಿಳಿಯಬಾರದು. ದಡದಲ್ಲಿ ಹಗ್ಗ, ಲಂಗರು, ಸಾಮಾನುಗಳ ಉಸ್ತುವಾರಿ ಸಿಕ್ಕಿತು. ಅದು ಅವನಿಗೆ ಸಾಲದು. ಸಿಡುಕನಾದ. ತನ್ನ ಜಾಗಕ್ಕೆ ಬಂದವನು ಹಾಕಿದ ಗಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕುತ್ತಿದ್ದ. ಗಂಡಸರೆಲ್ಲ ಸೇರಿ ಬೇರು ಅರೆದ ಕಾವಾ ಕುಡಿಯುವ ಕೂಟದಲ್ಲಿ ಯಾರಾದರೂ ಹೊಸ ಹಡಗಿನ ವೇಗದ ಮಾತೆತ್ತಿದರೆ ಕುಡಿಯುತ್ತಿದ್ದ ತೆಂಗಿನ ಚಿಪ್ಪು ಕೆಳಗಿಟ್ಟು ಎದ್ದುಬಿಡುತ್ತಿದ್ದ. ಯಾರನ್ನು ಬೈಯಬೇಕೋ ನನಗೂ ತಿಳಿಯುತ್ತಿರಲಿಲ್ಲ. ಆದರೂ ಮೊದಲ ಬೆಳೆಯ ಗೆಣಸು ಅಗೆದಾಗ, ಅದರಲ್ಲಿ ದಪ್ಪನೆಯವನ್ನು ಆರಿಸಿ ಬುಟ್ಟಿ ತುಂಬಿ, ಅಣ್ಣನಾದವನು ಮಾಡಬೇಕಾದಂತೆ, ತಂಗಿಗೆಂದು ನನ್ನ ಕೈಯಲ್ಲಿ ಹಡಗಿಗೆ ಕಳಿಸಿದ.

ಹಡಗು ಹೊರಡುವ ಪ್ರತಿ ಬೆಳಿಗ್ಗೆಯೂ ದಕ್ಕೆಯ ಕಂಬದಿಂದ ಕೊನೆಯ ಹಗ್ಗ ಬಿಚ್ಚುವವನು ಅವನೇ. ಆಗ ಕಲೊಲೈನೆ ಒಮ್ಮೆ ಡೆಕ್ಕಿಗೆ ಬಂದು ನಿಲ್ಲುತ್ತಾಳೆ. ಅವನು ಕಂಬವನ್ನು ನೋಡುತ್ತಾನೆ, ಅವಳು ಕಡಲನ್ನು ನೋಡುತ್ತಾಳೆ, ಹುಡುಗರೆಲ್ಲ ಇಗರ್ಜಿಯಲ್ಲಿದ್ದಂತೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಹಗ್ಗ ನೀರಿಗೆ ಬಿದ್ದ ಮೇಲೆ ಲೊಪೇತಿ ಬೆನ್ನು ತಿರುಗಿಸಿ, ಕಾಲು ಅಗಲಿಸಿ ನಡೆದು, ಉಗ್ರಾಣದ ಮೂಲೆಯಲ್ಲಿ ಒಮ್ಮೆ ಕೆಮ್ಮಿ ಮರೆಯಾಗುತ್ತಾನೆ. ಮರುಗಳಿಗೆ ಡೆಕ್ಕಿನ ಮೇಲೆ ಯಾರೋ ಏನೋ ಅನ್ನುತ್ತಾರೆ, ಇಡೀ ಹಡಗು ಗೊಳ್ಳೆಂದು ನಗುತ್ತದೆ, ಅದರಲ್ಲಿ ಕಲೊಲೈನೆಯ ನಗುವೂ ಇರುತ್ತದೆ. ಗೋಡೆಯ ಆಚೆ ಲೊಪೇತಿ ನಿಂತೇ ಇರುತ್ತಾನೆ. ಆ ನಗು ಕಿವಿಗೆ ಬಿದ್ದ ಮೇಲೆಯೇ ತನ್ನ ಕೆಲಸಕ್ಕೆ ಹೋಗುವುದು.

ಪರದೇಶದವರು ನಮಗೆ ಬಹಳ ಕಲಿಸಿದ್ದಾರೆ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಮುಂದೆ ನಿಂತು ನಡೆಸುವುದು ಹೇಗೆಂದು ಅವರ ಪಾಠದಲ್ಲಿತ್ತು, ಸರಿದು ಜಾಗ ಮಾಡಿಕೊಡುವುದು ಇರಲಿಲ್ಲ. ಲೊಪೇತಿಯಂಥವರು ಪ್ರತಿ ನಾಡಿನಲ್ಲೂ ಇರುತ್ತಾರೆ: ಮನಸ್ಸಿಗೆ ಒಪ್ಪಿದ್ದನ್ನು ಬಿಟ್ಟುಕೊಟ್ಟು, ಕೊಟ್ಟದ್ದಕ್ಕೆ ಸಿಡಿಮಿಡಿಗೊಂಡು, ಮರುದಿನ ಮತ್ತೆ ಬಂದು ಹಗ್ಗ ಬಿಚ್ಚುವವರು. ಅವರಿಗೆ ಪದಕವಿಲ್ಲ, ಯಾವ ಚಿತ್ರಪಟದಲ್ಲೂ ಅವರು ಸಿಗುವುದಿಲ್ಲ. ಮೂಲೆಯಾಚೆ ಒಂದು ಕೆಮ್ಮು ಕೇಳಿಸಿದರೆ ಅವರು ಅಲ್ಲಿದ್ದಾರೆಂದು ತಿಳಿಯಬೇಕು, ಅಷ್ಟೆ.