ಡೇರೆಯ ಒಂಬತ್ತನೆಯ ಸಂಜೆ

"ಈಗ ಅವ್ನು ಏನಂತಾವ್ನೆ ಗೊತ್ತಾ? ನಿನ್ನ ಬಿಟ್ಟು ಒಂದ್ ಗಳಿಗೇನೂ ಇರಕಾಗಲ್ಲ ಅಂತಾವ್ನೆ!"

ತಗಡಿನ ಕೊಳವೆಯಿಂದ ಸಂಜೀವಪ್ಪನ ದನಿ ಡೇರೆಯ ತುಂಬ ತೇಲಿತು. ಹೆಂಗಸರ ಕಡೆ ಮರಳಿನ ಮೇಲೆ ಕುಳಿತಿದ್ದ ಅನುಸೂಯಮ್ಮನ ಮೈ ಜುಮ್ಮೆಂದಿತು. ದೊಡ್ಡಬಳ್ಳಾಪುರಕ್ಕೆ ಟೆಂಟು ಸಿನಿಮಾ ಬಂದು ಒಂಬತ್ತು ದಿನವಾಗಿತ್ತು. ಚಿತ್ರ ಹಿಂದಿಯದು. ಯುದ್ಧ ಮುಗಿಯುವವರೆಗೂ ಪುಣೆಯ ಮಿಲಿಟರಿ ಉಗ್ರಾಣದಲ್ಲಿದ್ದ ಸಂಜೀವಪ್ಪ ಆ ಭಾಷೆ ಕಲಿತು ಬಂದಿದ್ದ. ಪರದೆಯ ಪಕ್ಕ ನಿಂತು ಅಲ್ಲಿನ ಮಾತನ್ನೆಲ್ಲ ಕನ್ನಡದಲ್ಲಿ ಕೂಗಿ ಹೇಳುವುದು ಅವನ ಕೆಲಸ. ಅನುಸೂಯಮ್ಮ ಒಂದು ಸಂಜೆಯನ್ನೂ ತಪ್ಪಿಸಿರಲಿಲ್ಲ. ಪರದೆಯ ಮೇಲಿನವನು ಯಾವನೋ ಏನೋ, ಅವಳಿಗೆ ಬೇಕಾದದ್ದು ಆ ದನಿ. ಅದು ಕಿವಿಗೆ ಬಿದ್ದರೆ ಸಾಕು, ಕೂತ ನೆಲವೇ ಮರೆತುಹೋಗುತ್ತಿತ್ತು.

ಗಂಡ ಸತ್ತು ಐದು ವರ್ಷ, ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದ ಅವಳ ಮನೆಗೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಸಂಜೀವಪ್ಪ ಬಂದು ಹೋಗುತ್ತಿದ್ದ. ಆಮೇಲೊಂದು ದಿನ ಬಾವಿಕಟ್ಟೆಯ ಹತ್ತಿರ ನೆಲ ನೋಡುತ್ತಾ, "ಇನ್ನು ಬರಲ್ಲ ಕಣೆ. ಮನೇಲಿ ಬಸುರಿ ಅವ್ಳೆ," ಎಂದುಬಿಟ್ಟ. ಒಂದು ಮಾತಿಗೆ ಮುಗಿಯುವುದಾದರೆ ಅದೆಂಥ ನಂಟು? ಅನುಸೂಯಮ್ಮ ಅವನ ದಾರಿ ಕಾದಳು, ಬೇಕೆಂದೇ ಅವನ ಬೀದಿಯಲ್ಲಿ ಓಡಾಡಿದಳು, ಕೊನೆಗೆ ಅವನ ಹೆಂಡತಿ ಪಾಪಮ್ಮನ ಸ್ನೇಹವನ್ನೇ ಮಾಡಿಕೊಂಡಳು. ಇವತ್ತು ಪಾಪಮ್ಮನನ್ನು ಸಿನಿಮಾಕ್ಕೆ ಕರೆತಂದದ್ದೂ ಅವಳೇ. ಚಿತ್ರದ ಹೆಂಗಸು ತನ್ನನ್ನು ಬಿಟ್ಟುಹೋದವನ ಮನೆ ಹೊಗುವಾಗ, 'ಆ ಹೆಂಗಸು ನಾನೇ' ಎಂದು ಪಾಪಮ್ಮನ ಕಿವಿಯಲ್ಲಿ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮನೆ ಒಡೆದರೆ ಅವನು ಬರುವುದಾದರೂ ಎಲ್ಲಿಗೆ, ತನ್ನ ಹತ್ತಿರವೇ ತಾನೆ?

"ಮನೇಲಿ ಬಾಯೇ ಬಿಡಲ್ಲ ಕಣಕ್ಕಾ ಇವ್ರು," ಎಂದು ಪಾಪಮ್ಮ ನಕ್ಕಳು. "ಇಲ್ಲಿ ನೋಡು, ಹೆಂಗೆ ಮಾತಾಡ್ತಾವ್ರೆ! ಕೇಳ್ತಾ ಇದ್ರೆ ಕನಸಲ್ಲಿ ಇದ್ದಂಗೈತೆ."

ಅನುಸೂಯಮ್ಮ ಬೆಚ್ಚಿದಳು. ಹೊಟ್ಟೆಕಿಚ್ಚಾಗಬೇಕಿತ್ತು, ಅಳು ಬಂತು. ಇವಳೂ ಪಾಪ, ದನಿ ಕೇಳಲೆಂದೇ ಬಂದವಳು.

ಪರದೆಯ ಮೇಲೆ ಬೆಳದಿಂಗಳೂ ದೋಣಿಯೂ ಕರಗಿ ಮನೆಯೊಂದು ಮೂಡಿತು. ಆ ಹೆಂಗಸು ಬಾಗಿಲು ತಟ್ಟಿದಳು. ಬೆಳಕು ಇತ್ತ ಚೆಲ್ಲಿದಾಗ ಅಕ್ಕಪಕ್ಕ ಕೂತ ಇಬ್ಬರೂ ಸಂಜೀವಪ್ಪನ ಕಣ್ಣಿಗೆ ಬಿದ್ದರು. ತಗಡಿನ ಕೊಳವೆ ಬಾಯಿಂದ ಕೆಳಗಿಳಿಯಿತು.

"ಲೇ ಸಂಜೀವಪ್ಪಾ, ಹೇಳ್ಲಾ!" ಗಂಡಸರ ಕಡೆಯಿಂದ ಕೂಗೆದ್ದಿತು.

ಅವನು ಅನುಸೂಯಮ್ಮನನ್ನೇ ನೋಡುತ್ತಿದ್ದ. ಅವನು ಹಾಗೆ ನೆಟ್ಟ ನೋಟ ನೋಡಿ ಎಷ್ಟು ದಿನವಾಗಿತ್ತು! ಆದರೆ ಆ ಕಣ್ಣಲ್ಲಿ ಇದ್ದದ್ದು ಬರೀ ಭಯ.

ಪರದೆಯಿಂದ ಕಣ್ಣು ಕೀಳದೆ ಪಾಪಮ್ಮ ಅವಳ ತೋಳು ಹಿಡಿದುಕೊಂಡಳು. "ಇವ್ಳು ಯಾಕೆ ಬಂದ್ಲಕ್ಕಾ? ನೀನು ನೋಡಿದ್ದೀಯಲ್ಲ, ಈಗ ಏನ್ ಮಾಡ್ತಾಳೆ?"

ಹೇಳುವ ಹೊತ್ತು ಇದೇ. ಅನುಸೂಯಮ್ಮ ಅವಳ ಕಿವಿಯತ್ತ ಬಾಗಿದಳು. ಪರದೆಯ ಹೆಂಗಸು ಸೆರಗಿನಡಿಯಿಂದ ಚೂರಿ ತೆಗೆಯುವುದರಲ್ಲಿದ್ದಳು.

"ಬಸುರಿ ಇಂಥದ್ದೆಲ್ಲ ನೋಡಬಾರ್ದು," ಎಂದು ಅಂಗೈಯಿಂದ ಪಾಪಮ್ಮನ ಕಣ್ಣು ಮುಚ್ಚಿದಳು. "ಏನೂ ಮಾಡಲ್ಲ ಕಣವ್ವಾ. ನೀರು ಕೇಳ್ತಾಳೆ, ಕುಡೀತಾಳೆ, ಹೋಗ್ತಾಳೆ."

"ಮತ್ತೆ ಜನ ಯಾಕಕ್ಕಾ ಚೀರ್ತಾವ್ರೆ?"

"ಚೀರ್ಲಿ ಬಿಡು."

ಡೇರೆಯೆಲ್ಲ ಹೋ ಎನ್ನುತ್ತಿತ್ತು. ಪಾಪಮ್ಮ ಅಲುಗಾಡದೆ ಕೂತಿದ್ದಳು. ಅವಳ ರೆಪ್ಪೆಗಳು ಅನುಸೂಯಮ್ಮನ ಅಂಗೈಯೊಳಗೆ ಮೆಲ್ಲಗೆ ಬಡಿದುಕೊಳ್ಳುತ್ತಿದ್ದವು.