ಸಪ್ಪಲಮ್ಮನ ತೋಪಿಗೆ ಬಿದ್ದ ಸೊನ್ನೆ

"ಈ ನೆರಳಿಗೆ ಎಷ್ಟು ಬೀಜ ಇಡೋದಪ್ಪಾ?"

ತಾತ ಕೇಳಿದ್ದು ಯಾರನ್ನೂ ಅಲ್ಲ. ಶಾಲೆಯ ಅಂಗಳದಲ್ಲಿ ನಾನು ರಂಗೋಲಿಪುಡಿಯಿಂದ ಬಿಡಿಸಿದ್ದ ನಮ್ಮೂರಿನ ನಕ್ಷೆಯ ಅಂಚಿನಲ್ಲಿ, ಮುಷ್ಟಿಯಲ್ಲಿ ಹುಣಸೆಬೀಜ ಹಿಡಿದು ನಿಂತಿದ್ದರು. ಹಿಪ್ಪುನೇರಳೆ ತೋಟದ ಮೇಲೆ ಅಷ್ಟು, ಕೆರೆಯ ಮೇಲೆ ಇಷ್ಟು ಇಟ್ಟು, ಊರದೇವತೆ ಸಪ್ಪಲಮ್ಮನ ತೋಪನ್ನು ಬಳಸಿಕೊಂಡು ಹೋಗಿ ಗೋಡೆಯ ಪಕ್ಕ ಕೂತರು. ಪುಡಿಯಲ್ಲಿ ಬರೆದ ತೋಪನ್ನೂ ಅವರು ತುಳಿಯಲಿಲ್ಲ.

ಅದು ಎರಡು ಸಾವಿರದ ಎಂಟರ ಬೇಸಿಗೆ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಇನ್ನೂ ವರ್ಷವೂ ತುಂಬಿರಲಿಲ್ಲ. ಯಾವ ನೆಲವನ್ನು ಯಾವುದಕ್ಕೆ ಬಿಡಬೇಕು ಎಂದು ಯೋಜನೆ ಹಾಕುವ ಮೊದಲು, ಕೆರೆ, ಗೋಮಾಳ, ತೋಪುಗಳಿಂದ ಜನಕ್ಕೆ ಏನೇನು ಸಿಗುತ್ತದೆ ಎಂದು ಊರೂರಿಗೆ ಹೋಗಿ ಗುರುತು ಮಾಡುವ ಕೆಲಸ ನಡೆದಿತ್ತು. ಚಿಂತಾಮಣಿಯಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿಕೊಂಡಿದ್ದ ನನ್ನನ್ನು ಸಾದಲಿ ಹೋಬಳಿಯ ಊರುಗಳಿಗೆಂದು ಸೇರಿಸಿಕೊಂಡಿದ್ದರು. ನನ್ನ ಮೇಲಿನವರು ಗೌರಿಬಿದನೂರಿನ ಮುರಳಿಮೋಹನ್ ಸರ್. ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡು ನಮ್ಮ ಜೊತೆಗೇ ನಡೆಯುತ್ತಿದ್ದ, ಯಾರ ಮನೆಯ ಮಜ್ಜಿಗೆಯನ್ನೂ ಬೇಡವೆನ್ನದ ಮನುಷ್ಯ.

ಅವರು ಹೇಳಿಕೊಟ್ಟ ವಿಧಾನ ಸುಲಭದ್ದು. ನೆಲದ ಮೇಲೆ ಊರನ್ನು ಬಿಡಿಸಬೇಕು. ಮನೆಗೊಬ್ಬರಿಗೆ ಇಪ್ಪತ್ತು ಹುಣಸೆಬೀಜ. ಯಾವ ಜಾಗದಿಂದ ಎಷ್ಟು ಉಪಯೋಗವೋ ಅಷ್ಟು ಬೀಜ ಅಲ್ಲಿಡಬೇಕು.

ಪಕ್ಕದ ಮನೆಯ ಓಬಳಮ್ಮ ಹತ್ತು ಬೀಜವನ್ನು ನೀಲಗಿರಿ ಮರಗಳ ಗುಡ್ಡದ ಮೇಲೆ ಸುರಿದು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಏಮ್ಮಾ ತನುಜಾ, ನಮ್ಮನೆ ಸೊಸೆ ಮೇಲೂ ಇಡಬೋದಾ? ಇಡೋಣ ಅಂದ್ರೆ ಅವಳಿಂದ ಉಪಯೋಗ ಏನೂ ಕಾಣಲ್ಲ."

"ಮೊದಲು ನಿನ್ನ ಸೊಸೆ ಕೈಗೆ ಬೀಜ ಕೊಡು ಓಬಳಮ್ಮ. ನಿನ್ನ ಮೇಲೆ ಎಷ್ಟು ಇಡ್ತಾಳೆ ನೋಡೋಣ," ಎಂದ ಪಂಚಾಯ್ತಿ ಅಧ್ಯಕ್ಷ ಕೋನಪ್ಪ. ಅಂಗಳವೆಲ್ಲ ನಕ್ಕಿತು.

ಎಲ್ಲರೂ ಇಟ್ಟು ಮುಗಿಸಿದ ಮೇಲೆ ನೋಡಿದರೆ ತೋಪಿನ ಮೇಲೆ ಒಂದು ಬೀಜವೂ ಇರಲಿಲ್ಲ. ಮುರಳಿಮೋಹನ್ ಸರ್ ಕನ್ನಡಕ ಸರಿಮಾಡಿಕೊಂಡರು. "ಇದ್ಯಾಕೆ ಖಾಲಿ? ಅಲ್ಲಿಗೆ ಯಾರೂ ಹೋಗಲ್ವಾ?"

"ಅಯ್ಯೋ ಸಾರ್, ಅಮ್ಮನ ಜಾಗಕ್ಕೆ ನಾವು ಅಂಕ ಹಾಕೋಕೆ ಅವಳೇನು ನಮ್ಮ ಹತ್ರ ಪರೀಕ್ಷೆ ಬರೆದವ್ಳಾ?" ಎಂದಳು ಓಬಳಮ್ಮ.

ಸರ್ ಅದನ್ನೂ ತಮಾಷೆಯೆಂದುಕೊಂಡು ನಕ್ಕರು. ಅದು ತಮಾಷೆಯಲ್ಲವೆಂದು ನನಗೆ ಗೊತ್ತಿತ್ತು. ಆದರೆ ಚಿಕ್ಕಂದಿನಿಂದ ನನಗೆ ಕೇಳಿಯೇ ಅಭ್ಯಾಸ, ನಾಲ್ಕು ಜನರ ನಡುವೆ ಬಾಯಿ ಬಿಟ್ಟು ಗೊತ್ತಿಲ್ಲ. ಕೈಯಲ್ಲಿದ್ದ ಹಾಳೆಯಲ್ಲಿ ಅಂಕಿಗೆ ಮಾತ್ರ ಜಾಗವಿತ್ತು. ತೋಪಿನ ಮುಂದೆ ಸೊನ್ನೆ ಬರೆದೆ.

ಆ ತೋಪಿನ ಅಂಚಿಗೆ ಬಂದರೆ ನಮ್ಮೂರಿನಲ್ಲಿ ಯಾರೇ ಆದರೂ ಚಪ್ಪಲಿ ಬಿಡುತ್ತಿದ್ದರು. ಬಿದ್ದ ಕಡ್ಡಿಯನ್ನೂ ಮನೆಯ ಒಲೆಗೆ ತರುತ್ತಿರಲಿಲ್ಲ. ಎರಡು ಎಕರೆ ಇರಬಹುದು. ಹೊಂಗೆ, ನೇರಳೆ, ಬೇವು, ನಾಲ್ಕು ಜನ ತಬ್ಬಿದರೂ ಕೈಗೆ ಸಿಗದ ಹುಣಸೆ. ನಡುವೆ ಅರಿಶಿನ ಮೆತ್ತಿದ ಮೂರು ಕಲ್ಲು. ಶ್ರಾವಣದ ಶನಿವಾರ ಮಧ್ಯಾಹ್ನ ಅಲ್ಲಿ ಪದ್ಯ ಓದುವವರು ನಮ್ಮ ತಾತ, ವೆಂಕಟರವಣಪ್ಪ. ಒಂದು ಪದ್ಯ ರಾಗವಾಗಿ ಹಾಡಿ, ಅರ್ಥ ಹೇಳಿ, ತೆಲುಗಿನವರು ಬಂದಿದ್ದರೆ ತೆಲುಗಿನಲ್ಲೂ ಹೇಳಿ ಮುಂದಿನದಕ್ಕೆ ಹೋಗುತ್ತಿದ್ದರು. ಕೈವಾರಕ್ಕೆ ನಡೆದು ಹೋಗುವ ಭಜನೆಯವರು ತಂಬೂರಿ ಮಡಿಲಲ್ಲಿಟ್ಟುಕೊಂಡು ಕೂತು ಕೇಳುತ್ತಿದ್ದರು. ಮೇಲೆ ಮರಕುಟಿಗ ಕುಟ್ಟತೊಡಗಿದರೆ ತಾತ ನಿಲ್ಲಿಸಿ, ಅದರ ಕೆಲಸ ಮುಗಿಯುವ ತನಕ ಕಾಯುವರು. ನಾನು ಅಜ್ಜಿಯ ತೊಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದೆ. ಅರ್ಥವಾಗದ ಪದಗಳೂ ಹೊಂಗೆ ಹೂವಿನ ಹಾಗೆ ಮೈಮೇಲೆ ಉದುರುತ್ತಿದ್ದವು.

ಆ ನೆರಳು ಈಗಿಲ್ಲ. ಸಾದಲಿ ಬಸ್ಸಿನಲ್ಲಿ ಆ ತಿರುವು ಬಂದಾಗ ಕಂಡಕ್ಟರು "ಸಬ್‌ಸ್ಟೇಷನ್ ಯಾರ್ರೀ" ಎಂದು ಕೂಗುತ್ತಾನೆ. ಕೆಲವು ಮುದುಕಿಯರು ಆ ಹೆಸರಿಗೆ ಏಳುವುದೇ ಇಲ್ಲ. "ತೋಪು ಬಂತಾ?" ಎಂದು ಪಕ್ಕದವರನ್ನು ಕೇಳಿ ಇಳಿಯುತ್ತಾರೆ.

ಬೀಜ ಇಟ್ಟ ಎರಡು ತಿಂಗಳಿಗೆ ಬಣ್ಣದ ನಕ್ಷೆ ತಯಾರಾಗಿ ಬಂತು. ಕೋನಪ್ಪನೇ ಅದನ್ನು ಸುರುಳಿ ಸುತ್ತಿ ನಮ್ಮ ಮನೆಗೆ ತಂದು ಜಗಲಿಯ ಮೇಲೆ ಬಿಚ್ಚಿದ. ಕೆರೆ ನೀಲಿ, ಹಿಪ್ಪುನೇರಳೆ ಕಡುಹಸಿರು, ನೀಲಗಿರಿ ತಿಳಿಹಸಿರು. ತೋಪು ಇರಬೇಕಾದ ಕಡೆ ಬರೀ ಬಿಳಿ ಕಾಗದ.

"ನಮ್ಮೂರಿಗೆ ಕರೆಂಟಿನ ಸಬ್‌ಸ್ಟೇಷನ್ ಬರುತ್ತೆ ಕಣಮ್ಮ! ಎರಡೆಕರೆ ಬೇಕಂತೆ. ಬಿಳಿ ಇರೋ ಜಾಗನೇ ಮೊದಲು ನೋಡ್ತಾರಂತೆ. ದಿನಕ್ಕೆ ಮೂರು ಗಂಟೆ ಕರೆಂಟಿಗೆ ಕಾಯೋದು ತಪ್ತು ನೋಡು."

ಬಿಳಿ ಜಾಗದ ಮೇಲೆ ಬೆರಳಿಟ್ಟೆ. "ಅದು ತೋಪಲ್ವಾ ಕೋನಪ್ಪಮಾವ?"

"ಸೊನ್ನೆ ಬರೆದವಳು ನೀನೇ ತಾನೆ?"

"ಸೊನ್ನೆ ಅಂದ್ರೆ ಬೇಡ ಅಂತ ಅಲ್ಲ."

"ಹಂಗಂತ ಇದರಲ್ಲಿ ಎಲ್ಲಿದೆ ತೋರಿಸು." ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಅಮ್ಮನ್ನ ಊರೊಳಗೆ ಕರ್ಕೊಂಡು ಬಂದು ಒಳ್ಳೆ ಗುಡಿ ಕಟ್ಟೋಣ ಬಿಡು. ಟೈಲ್ಸ್ ಹಾಕಿಸೋಣ."

ಸರ್‌ಗೆ ಫೋನ್ ಮಾಡಿ, ಸೊನ್ನೆ ಯಾಕೆ ಬಂತೆಂದು ಮೊದಲಿಂದ ಹೇಳಿದೆ. "ಅವತ್ತೇ ಯಾಕೆ ಹೇಳಲಿಲ್ಲ ತನುಜಾ?" ಎಂದರು. ತಕರಾರು ಸಲ್ಲಿಸಲು ಇನ್ನೂ ಎಂಟು ದಿನವಿತ್ತು. ಅದಕ್ಕೊಂದು ಅರ್ಜಿ ನಮೂನೆ ಕಳಿಸಿದರು. ಆ ಜಾಗವನ್ನು ಎಲ್ಲರಿಗಿಂತ ಹೆಚ್ಚು ವರ್ಷ ಬಲ್ಲವರು ಅದರಿಂದ ಊರಿಗೆ ಏನೇನು ಸಿಗುತ್ತದೆಂದು ಹೇಳಿ, ಕೊನೆಯ ಕಾಲಂ ಸ್ವಂತ ಕೈಯಿಂದ ಬರೆದು ಸಹಿ ಮಾಡಬೇಕು. ಒಂದು ಕಾಲಂ ಖಾಲಿ ಬಿಟ್ಟರೂ ತಕರಾರಿನ ಸಭೆಯಲ್ಲಿ ಅರ್ಜಿ ತೆಗೆದುಕೊಳ್ಳುವುದಿಲ್ಲ.

ತಾತನನ್ನು ಜಗಲಿಯಲ್ಲಿ ಕೂರಿಸಿಕೊಂಡೆ. ಮೂರು ಮಧ್ಯಾಹ್ನ ಅವರು ಹೇಳಿದರು, ನಾನು ಬರೆದೆ. ಮೊದಲ ದಿನ ನಾನು ಪುಸ್ತಕದಲ್ಲಿ ಓದಿದ್ದನ್ನೇ ಹೇಳಿ ಶುರುಮಾಡಿದೆ: ನೆರಳು, ಜೇನು, ಅಂತರ್ಜಲ. ತಾತ ತಲೆಯಾಡಿಸಿ, ಪದ್ಯಕ್ಕೆ ಅರ್ಥ ಹೇಳುವ ಅದೇ ದನಿಯಲ್ಲಿ ಒಂದೊಂದನ್ನೇ ಬಿಡಿಸಿದರು.

ತೋಪಿನ ಪಡುವಣ ದಿಕ್ಕಿನ ಏಳು ಮನೆಗಳಲ್ಲಿ ಕಡುಬೇಸಿಗೆಯಲ್ಲೂ ರೇಷ್ಮೆಹುಳು ಸಾಯುವುದಿಲ್ಲ, ಗಾಳಿ ತೋಪಿನೊಳಗಿಂದ ತಣ್ಣಗಾಗಿ ಬರುತ್ತದೆ. ತೋಪಿನ ಕೆಳಗಿನ ಬಾವಿ ಅವರು ಕಂಡಂತೆ ಎರಡೇ ಸಲ ಬತ್ತಿದೆ. ಹೊಂಗೆಯ ಜೇನುಹುಳುಗಳೇ ಹೋಗಿ ಸುತ್ತಿನ ಹೊಲಗಳ ಹುಚ್ಚೆಳ್ಳನ್ನು ಕಾಳುಕಟ್ಟಿಸುವುದು. ಗೂಬೆ ಎರಡು ಜೊತೆ ಇವೆ, ರಾಗಿ ಕಣದ ಇಲಿ ಅವುಗಳ ಪಾಲು. ಬಾಣಂತಿಗೆ ಹಾಲು ಬರದಿದ್ದರೆ ತರುವ ಬಳ್ಳಿ ಅಲ್ಲಿ ಮಾತ್ರ ಇದೆ. ಆ ಬಳ್ಳಿಯ ಹೆಸರು ಕೇಳಿದರೆ "ಅದು ಬೇಡಮ್ಮ, ನಾಳೆ ಕಿತ್ಕೊಂಡು ಹೋಗೋರು ಬರ್ತಾರೆ," ಎಂದರು.

"ಇಷ್ಟೆಲ್ಲ ಗೊತ್ತಿದ್ದೂ ಅವತ್ತು ಒಂದು ಬೀಜ ಇಡಲಿಲ್ವಲ್ಲ ತಾತ!"

"ನಿಮ್ಮಮ್ಮನ ಉಪಯೋಗಕ್ಕೆ ಇಪ್ಪತ್ತರಲ್ಲಿ ಎಷ್ಟು ಇಡ್ತೀಯ ಅಂತ ಯಾರಾದ್ರೂ ಕೇಳಿದ್ರೆ ನೀನು ಏನು ಮಾಡ್ತಿದ್ದೆ?"

ಮೂರನೆಯ ದಿನ ನಾಲ್ಕು ಹಾಳೆ ತುಂಬಿದವು. ಉಳಿದದ್ದು ಕೊನೆಯ ಕಾಲಂ, ತಾತನೇ ಬರೆಯಬೇಕಾದದ್ದು. ಗಟ್ಟಿಯಾಗಿ ಓದಿದೆ: "ಈ ಜಾಗಕ್ಕೆ ಬದಲಾಗಿ ಏನು ಕೊಟ್ಟರೆ ಊರಿಗೆ ಸರಿಹೋಗುತ್ತದೆ?"

ತಾತ ಇನ್ನೊಂದು ಸಲ ಓದಿಸಿದರು.

ಗೋಡೆಯ ಆಚೆಯಿಂದ ಓಬಳಮ್ಮ ಕೂಗಿದಳು. "ಏಳು ಕೆರೆ ಅಂತ ಬರಿ ವೆಂಕಟರವಣಣ್ಣ! ಯಾವನು ಕೊಡ್ತಾನೆ ನೋಡೋಣ!"

"ಅವಳು ಹೇಳೋದು ಸರಿ ತಾತ. ಕಾಲಂ ತುಂಬಬೇಕು ಅಷ್ಟೇ. ಯಾರ ಕೈಲೂ ಕೊಡೋಕಾಗದಷ್ಟು ದೊಡ್ಡದು ಏನಾದ್ರೂ ಬರಿ."

"ಕೊಟ್ಬಿಟ್ರೆ?"

"ಯಾರೂ ಕೊಡಲ್ಲ."

"ಕೊಡಲ್ಲ ಸರಿ. ಆದರೆ ಇಷ್ಟಕ್ಕೆ ಕೊಡ್ತೀನಿ ಅಂತ ನಾನು ಅಂದಂಗೆ ಆಯ್ತಲ್ಲಮ್ಮ."

"ಬರೀದಿದ್ರೆ ತೋಪು ಹೋಗುತ್ತೆ ತಾತ!" ಹಾಳೆಗಳನ್ನು ಅವರ ಮುಂದೆ ಸರಿಸಿದೆ. "ನಾನು ಸೊನ್ನೆ ಬರೆದು ತಪ್ಪು ಮಾಡಿದೆ. ನನಗೋಸ್ಕರ ಬರಿ. ಒಂದೇ ಸಾಲು."

ಪೆನ್ನನ್ನು ಅವರ ಬೆರಳುಗಳ ನಡುವೆ ಇಟ್ಟೆ. ಅವರ ಕಣ್ಣು ತುಂಬಿತ್ತು. ನನ್ನ ತಲೆ ಸವರಿದರು. ಪೆನ್ನಿಗೆ ಕ್ಯಾಪ್ ಹಾಕಿ, ಹಾಳೆಗಳ ಮೇಲೆ ಮೆಲ್ಲಗೆ ಇಟ್ಟರು.

"ಇಲ್ಲ ತನುಜಮ್ಮ. ಇದನ್ನ ಮಾತ್ರ ನಾನು ಬರೆಯಲ್ಲ."